ಮಾವನವರಿಗೆ ನೀರು ತಾಗಿಸಿದ್ದು

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವನು. ಈ ವಿಷಯವನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದ್ದೇನೆ, ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಡಾಕ್ಟರಿಗೂ ಹೇಳಿದ್ದೇನೆ. ಅವರು, "ಬಾಯಿ ಇನ್ನೂ ಸ್ವಲ್ಪ ಅಗಲ ತೆಗೀರಿ" ಎಂದರು.

ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಯಳಂದೂರು ತಾಲ್ಲೂಕಿನ ಅಗರ ನನ್ನ ಊರು. ಅಪ್ಪ ಹೆಬ್ಬೆಟ್ಟು. ಅವ್ವನ ಹೆಬ್ಬೆಟ್ಟನ್ನು ಯಾರೂ ಕೇಳಿಯೇ ಇರಲಿಲ್ಲ. ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡೊಂದರಲ್ಲಿ ಬೆಳಗ್ಗೆ ಗೂಡು ಬೇಯಿಸಿ, ಅಲ್ಲಿಂದ ನೇರ ಕಾಲೇಜಿಗೆ ಹೋಗುತ್ತಿದ್ದೆ. ಬೆಂದ ಹುಳುವಿನ ವಾಸನೆ ಮೈಗೆ ಎಷ್ಟು ಹತ್ತಿತ್ತೆಂದರೆ, ಮೂರು ವರ್ಷವೂ ನನ್ನ ಬೆಂಚಿನಲ್ಲಿ ನಾನೊಬ್ಬನೇ. ಕಾಲು ಚಾಚಿಕೊಂಡು ಓದಿದೆ. ಬಿ.ಎ. ಆಯಿತು, ಬಿ.ಎಡ್. ಆಯಿತು, ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರೂ ಆದೆ. ಇಂಥವನ ಕೈಯಲ್ಲಿ ಒಂದು ಹಳೆಯ ಚಿತ್ರ ಒರೆಸುವುದಕ್ಕೆ ಆಗುವುದಿಲ್ಲವೇ?

ಆಗಲಿಲ್ಲ. ವಿವರ ಕೆಳಗಿದೆ.

ನನ್ನ ಅತ್ತೆ ಪುಟ್ಟಮಾದಮ್ಮ ಇರುವುದು ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ. ಅವರ ನಡುಮನೆಯ ಗೋಡೆಯ ಮೇಲೆ ಎರಡೇ ಎರಡು ಚಿತ್ರಗಳು. ಒಂದು ನನ್ನ ಮಾವನವರದು. ಇನ್ನೊಂದು ನನ್ನದು: ಕಪ್ಪು ಗೌನು, ತಲೆಯ ಮೇಲೆ ಚೌಕದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಪದವಿ ಪತ್ರ. ಮದುವೆಯಾದ ಹೊಸತರಲ್ಲಿ ನಾನೇ ಒಯ್ದು, ನಾನೇ ಮೊಳೆ ಹೊಡೆದು, ನಾನೇ ತೂಗುಹಾಕಿದ್ದು. ಅತ್ತೆ ಆಗ ಏನೂ ಹೇಳಲಿಲ್ಲ. ಮೂಕವಿಸ್ಮಿತರಾದರು ಎಂದು ನಾನು ತಿಳಿದೆ.

ಮಾವನವರು ಜಟಕಾ ಪುಟ್ಟಸ್ವಾಮಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಮುಂದೆ ಜಟಕಾ ಗಾಡಿ ಹೊಡೆಯುತ್ತಿದ್ದವರು. ನನ್ನ ಹೆಂಡತಿ ಮಂಗಳ ಒಂದು ವರ್ಷದ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡರು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಉಳಿದದ್ದು ಈ ಬಣ್ಣದ ಚಿತ್ರ ಮಾತ್ರ. ಮೊಳಕ್ಕೂ ಮಿಕ್ಕಿದ ಎತ್ತರದ ಹಲಗೆ. ಅದರಲ್ಲಿ ಕುದುರೆ ಏರಿ ಕುಳಿತ ಮಾವ. ತಲೆಗೆ ಬಿಳಿ ಪೇಟ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಿಳಿ ಶಲ್ಯ, ಕೈಯಲ್ಲಿ ಉದ್ದನೆಯ ಬೆತ್ತ. ಹಿಂದೆ ಕೆಂಪು ಗುಡ್ಡ, ಪಾಪಸುಕಳ್ಳಿ. ಮಂಗಳನಿಗೆ ಅಪ್ಪ ಎಂದರೆ ಇದೇ. ಬೇರೆ ಅಪ್ಪನನ್ನು ಅವಳು ಕಂಡಿಲ್ಲ.

ಪ್ರತಿವರ್ಷ ಪಿತೃಪಕ್ಷದ ಅಮಾವಾಸ್ಯೆಗೆ, ಹಿರಿಯರ ಹಬ್ಬದಲ್ಲಿ, ಅತ್ತೆ ಈ ಚಿತ್ರವನ್ನು ಗೋಡೆಯಿಂದ ಇಳಿಸಿ ಮಣೆಯ ಮೇಲೆ ಕೂರಿಸುತ್ತಾರೆ. ಮುಂದೆ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತಾರೆ. ಕಜ್ಜಾಯ, ವಡೆ, ಮುದ್ದೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಆಮೇಲೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರಬೇಕು. ಒಳಗೆ ಮಾವನವರು ಉಣ್ಣುತ್ತಾರೆ. ನಾವು ಕೆಮ್ಮುವ ಹಾಗೂ ಇಲ್ಲ.

ಈ ಸಲ ಹಬ್ಬಕ್ಕೆ ಎರಡು ವಾರ ಮುಂಚೆ ಬಂಡಳ್ಳಿಗೆ ಹೋಗಿದ್ದಾಗ ನನ್ನ ಕಣ್ಣಿಗೆ ಮಾವನವರು ಮಂಕಾಗಿ ಕಂಡರು. ನಲವತ್ತಕ್ಕೂ ಹೆಚ್ಚು ವರ್ಷದ ಸಾಂಬ್ರಾಣಿ ಹೊಗೆ ಹಲಗೆಯ ಮೇಲೆ ಕೂತಿತ್ತು. ಕುದುರೆ ಯಾವ ಬಣ್ಣದ್ದೆಂದು ಊಹಿಸಬೇಕಿತ್ತು.

"ಅತ್ತೆ, ಇದನ್ನ ನಾನು ತಗೊಂಡು ಹೋಗಿ ಶುದ್ಧ ಮಾಡಿ, ಹೊಸ ಕಟ್ಟು ಹಾಕಿಸಿ, ಹಬ್ಬಕ್ಕೆ ತಂದುಕೊಡ್ತೀನಿ" ಎಂದೆ.

ಅತ್ತೆ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. "ಬ್ಯಾಡ ಕಣಪ್ಪ. ಅದುಕ್ಕ ನೀರ್ ತಾಗ್ಬಾರ್ದು."

"ಯಾಕೆ ತಾಗಬಾರದು?"

"ತಾಗ್ಬಾರ್ದು ಅಂದ್ರ ತಾಗ್ಬಾರ್ದು. ಒಣ್ ಬಟ್ಟೇಲಿ ಧೂಳ್ ಒಡಿಯದು, ಅಷ್ಟೇಯ."

ಇಲ್ಲಿ ನಾನು ಮೂಢನಂಬಿಕೆಯ ಬಗ್ಗೆ ಸ್ವಲ್ಪ ಮಾತನಾಡಿದೆ. ಕಾರಣ ತಿಳಿಯದೆ ಆಚರಿಸುವ ನಿಯಮಗಳಿಂದ ಸಮಾಜಕ್ಕಾಗುವ ಹಾನಿ, ವೈಜ್ಞಾನಿಕ ಮನೋಭಾವದ ಅಗತ್ಯ, ನಾನು ಗೂಡು ಬೇಯಿಸುತ್ತಾ ಓದಿದ್ದು, ಎಲ್ಲವನ್ನೂ ಹೇಳಿದೆ. ಮಾತು ಮುಗಿಯುವ ಹೊತ್ತಿಗೆ ಎರಡು ಸೇರು ಹುರುಳಿ ಚೊಕ್ಕವಾಗಿತ್ತು.

"ಆಯ್ತು, ತಕಂಡೋಗು" ಎಂದರು ಅತ್ತೆ. "ಓದಿರೋನು ನೀನು."

ಈ ಕೊನೆಯ ಮಾತನ್ನು ನಾನು ಹೊಗಳಿಕೆ ಎಂದು ಸ್ವೀಕರಿಸಿದೆ.

ಚಿತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಅದನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾನ್ ಸಾ ಇದು, ಬಾಗ್ಲಾ?"

"ಅಲ್ಲಪ್ಪ, ನಮ್ಮ ಮಾವ."

ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಆಮೇಲೆ ಕೊಳ್ಳೇಗಾಲ ಬರುವವರೆಗೂ ನನ್ನ ಸೀಟಿನ ಕಡೆ ಬರಲೇ ಇಲ್ಲ. ಟಿಕೆಟ್ಟನ್ನು ಮುಂದಿನವರ ಕೈಯಲ್ಲಿ ಕಳಿಸಿದ.

ಭಾನುವಾರ ಬೆಳಗ್ಗೆ ಕಾರ್ಯಾರಂಭ. ಹಳೆಯ ಚಿತ್ರಗಳನ್ನು ಶುದ್ಧ ಮಾಡುವ ಕ್ರಮವನ್ನು ನಾನು ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಅಧ್ಯಯನ ಮಾಡಿದ್ದೆ. ಅದರಲ್ಲಿ ವಿದೇಶದ ಒಬ್ಬ ಗಂಭೀರ ಮನುಷ್ಯ ಬಿಳಿ ಕೋಟು ಹಾಕಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ, ಅಂಗುಲ ಅಂಗುಲವಾಗಿ ಒರೆಸುತ್ತಾನೆ. ನನ್ನ ಹತ್ತಿರ ಬಿಳಿ ಕೋಟು ಇರಲಿಲ್ಲ. ಬಿಳಿ ಬನಿಯನ್ನು ಇತ್ತು. ಅವನು ಒಂದು ಅಂಗುಲಕ್ಕೆ ಒಂದು ದಿನ ತೆಗೆದುಕೊಳ್ಳುತ್ತಿದ್ದ. ನನಗೆ ಭಾನುವಾರವೊಂದೇ ರಜೆ. ಆದ್ದರಿಂದ ಒಂದು ಬಕೆಟ್ಟು ಸೋಪಿನ ನೀರು, ಪಾತ್ರೆ ತೊಳೆಯುವ ಸ್ಪಂಜು ತೆಗೆದುಕೊಂಡು ತಾರಸಿಗೆ ಹೋದೆ.

ಆರಂಭ ಅದ್ಭುತವಾಗಿತ್ತು. ಮೂಲೆಯಿಂದ ಶುರುಮಾಡಿದೆ. ಹೊಗೆ ಹೋಗಿ ನೀಲಿ ಆಕಾಶ ಬಂತು. ಕುದುರೆ ಕಂದು ಬಣ್ಣದ್ದೆಂದು ತೀರ್ಮಾನವಾಯಿತು. ಕೆಳಗಿನ ಮೂಲೆಯಲ್ಲಿ, ಇದುವರೆಗೆ ಯಾರೂ ಕಾಣದ ಸಣ್ಣ ಅಕ್ಷರಗಳು ಎದ್ದವು: "ಗುರು, ಯಳಂದೂರು". ನನಗೆ ರೋಮಾಂಚನವಾಯಿತು. ಶಾಸನ ಓದುವವರಿಗೆ ಹೀಗೇ ಆಗುತ್ತದಂತೆ.

ಆಮೇಲೆ ಪೇಟದ ಮೇಲೆ ಸ್ಪಂಜು ಇಟ್ಟೆ. ಪೇಟ ಸ್ಪಂಜಿಗೆ ಬಂತು.

ಮೊದಲು ಅದನ್ನು ಕೊಳೆ ಎಂದೇ ತಿಳಿದೆ. ಬೆಳ್ಳಗಿನ ಕೊಳೆ ಇರುತ್ತದೆಯೇ ಎಂದು ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ ನಿಲ್ಲಿಸುತ್ತಿದ್ದೆ. ಕೇಳಬೇಕಾದವಳು ಕೆಳಗೆ ಬಟ್ಟೆ ಒಗೆಯುತ್ತಿದ್ದಳು. ನಾನು ಇನ್ನಷ್ಟು ಶ್ರದ್ಧೆಯಿಂದ ಉಜ್ಜಿದೆ. ಪೇಟದ ಕೆಳಗಿನಿಂದ ಅಂಚು ಬಾಗಿದ ಒಂದು ದೊಡ್ಡ ಹ್ಯಾಟು ಹೊರಬಂತು. ಶಲ್ಯ ಕರಗಿತು, ಗುಂಡುಗಳನ್ನು ಸಿಕ್ಕಿಸಿದ ಚರ್ಮದ ಪಟ್ಟಿ ಕಂಡಿತು. ವಿಭೂತಿ ಹೋಯಿತು, ಹಣೆಯ ಮೇಲೆ ಹುಬ್ಬಿನವರೆಗೆ ಇಳಿದ ಒಂದು ಗಾಯದ ಗುರುತು ಬಂತು. ಗಾಬರಿಯಲ್ಲಿ ಬೆತ್ತವನ್ನಾದರೂ ಉಳಿಸಿಕೊಳ್ಳೋಣವೆಂದು ಬಟ್ಟೆಯಿಂದ ಒತ್ತಿದೆ. ಬೆತ್ತವೂ ಹೋಯಿತು. ಮಾವನವರ ಕೈಯಲ್ಲಿ ಬಂದೂಕು!

ಮಂಗಳ ಒಗೆದ ಬಟ್ಟೆ ಹರವಲು ಮೇಲೆ ಬಂದಳು.

"ಅಯ್ಯಯ್ಯೋ! ಯಾರ್ರೀ ಇವ್ನು?"

"ನಿಮ್ಮಪ್ಪ" ಎಂದೆ.

"ನಮ್ಮಪ್ಪ ಎಲ್ಲಿ?"

ನಾನು ಬಕೆಟ್ಟಿನ ಕಡೆ ನೋಡಿದೆ.

ಅವಳು ಒದ್ದೆ ಬಟ್ಟೆಯನ್ನು ಹಾಗೇ ಕೆಳಗಿಟ್ಟು ತಾರಸಿಯ ಕಟ್ಟೆಯ ಮೇಲೆ ಕೂತಳು. ಬೈದಿದ್ದರೆ ಒಂದು ಬಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ನಂಗೆ ಬೇರೆ ಮುಖ ನೆನಪಿಲ್ಲ ಕಣ್ರೀ. ಇದೊಂದೇ ಇದ್ದದ್ದು" ಎಂದಳು, ಅಷ್ಟೇ.

ಅವಳ "ಅಯ್ಯಯ್ಯೋ" ಪಕ್ಕದ ಮನೆಯ ಶಿವಣ್ಣನವರಿಗೆ ಕೇಳಿಸಿತ್ತು. ಶಿವಣ್ಣ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಜೋಡಿಸುವ ಮೊದಲು ಎಲ್ಲವನ್ನೂ ಓದಿದವರು. ತಾರಸಿ ದಾಟಿ ಬಂದು, ಕನ್ನಡಕ ಮೇಲೇರಿಸಿ ಮಾವನವರನ್ನು ದಿಟ್ಟಿಸಿದರು.

"ಮೇಷ್ಟ್ರೇ, ಇವನು ನಂಗೆ ಗೊತ್ತು!"

"ನಮ್ಮ ಮಾವನವರು ನಿಮಗೆ ಗೊತ್ತಿತ್ತೇ?"

"ಮಾವನೂ ಇಲ್ಲ, ಭಾವನೂ ಇಲ್ಲ. ತಡೀರಿ ಬತ್ತೀನಿ" ಎಂದು ಓಡಿದವರು, ತಮ್ಮ ಟ್ರಂಕಿನಿಂದ ಒಂದು ಹಳೆಯ ಮಾಸಪತ್ರಿಕೆ ಹಿಡಿದು ತಂದರು. ಕುದುರೆ, ಬಂದೂಕು, ಬೆನ್ನಟ್ಟುವುದು, ಬರೀ ಇಂಥ ಅಮೆರಿಕದ ಸಾಹಸದ ಕತೆಗಳನ್ನೇ ಕನ್ನಡದಲ್ಲಿ ಹಾಕುತ್ತಿದ್ದ ಅಗ್ಗದ ಪತ್ರಿಕೆ. ಬಸ್ ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದರಂತೆ. ಅದರ ರಕ್ಷಾಪುಟದಲ್ಲಿ ಇದೇ ಗುಡ್ಡ, ಇದೇ ಕುದುರೆ, ಇದೇ ಹ್ಯಾಟು, ಇದೇ ಗಾಯ. ಅಚ್ಚಿನಲ್ಲಿ ಮುಖಕ್ಕೆ ಗುಲಾಬಿ ಬಣ್ಣ ಹತ್ತಿತ್ತು, ಅಷ್ಟೇ ವ್ಯತ್ಯಾಸ.

"ಇವ್ನೇ ಆ ಕತೆ ವಿಲನ್ನು. ಬ್ಯಾಂಕ್ ದರೋಡೆ ಮಾಡ್ತಾನೆ. ಅರ್ಧ ಪುಸ್ತಕದಲ್ಲೇ ಸಾಯ್ತಾನೆ ಬುಡಿ" ಎಂದು ಶಿವಣ್ಣ ಸಮಾಧಾನ ಹೇಳಿದರು.

ಮಂಗಳ ಪತ್ರಿಕೆಯನ್ನೂ ಹಲಗೆಯನ್ನೂ ಬದಲಿಸಿ ಬದಲಿಸಿ ನೋಡಿದಳು. "ಹಂಗಾರೆ ಇವ್ನು ನಮ್ಮಪ್ಪನೇ ಅಲ್ವಾ? ನಮ್ಮವ್ವ ಇಷ್ಟ್ ವರ್ಷ ಯಾರಿಗ್ರೀ ಎಡೆ ಇಟ್ಟಿದ್ದು?"

ಒಳ್ಳೆಯ ಗಂಡನಾದವನು ಅಲ್ಲಿ ಸುಮ್ಮನಿರುತ್ತಿದ್ದ. ಆದರೆ ನನ್ನೊಳಗಿನ ಪದವೀಧರ ಆಗಲೇ ಎದ್ದುಬಿಟ್ಟಿದ್ದ. ಅಚ್ಚಾದದ್ದು ಸಾವಿರಾರು ಪ್ರತಿ ಇರಬಹುದು. ಮೂಲ ಚಿತ್ರ ಒಂದೇ! ಇಂಥ ಪತ್ರಿಕೆಗಳ ಮುಖಪುಟಕ್ಕೆ ಬರೆದ ಮೂಲ ಚಿತ್ರಗಳನ್ನು ಹೊರದೇಶಗಳಲ್ಲಿ ಹುಡುಕಿ ಸಂಗ್ರಹಿಸುತ್ತಾರೆಂದು ಎಲ್ಲೋ ಓದಿದ್ದೆ. ಒಂದು ಫೋಟೋ ತೆಗೆದುಕೊಂಡು, ಬಚ್ಚಲಿಗೆ ಹೋಗುವ ನೆಪದಲ್ಲಿ ಕೆಳಗಿಳಿದು, ನಮ್ಮ ಶಾಲೆಯ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೀಗೆ ಬರೆದು ಹಾಕಿದೆ:

"ಪಾಶ್ಚಾತ್ಯ ಸಾಹಸ ಕಥಾ ಪತ್ರಿಕೆಯ ಮುಖಚಿತ್ರದ ಅಪರೂಪದ ಮೂಲಕೃತಿ. ಈ ದರೋಡೆಕೋರನನ್ನು ನಾನು ಸ್ವತಃ ಪತ್ತೆಹಚ್ಚಿ ಶುದ್ಧೀಕರಿಸಿರುತ್ತೇನೆ."

ಐದು ನಿಮಿಷವಾದರೂ ಯಾವ ಶಿಕ್ಷಕರೂ ಚಪ್ಪಾಳೆಯ ಚಿತ್ರ ಕಳಿಸಲಿಲ್ಲ. ಬಂದ ಮೊದಲ ಉತ್ತರ ಇದು: "ಪುಟ್ಸಾಮಣ್ಣನ ಕುದುರೆ ಮೇಲೆ ಕುಂತಿರೋ ಈ ದರೋಡೆಕೋರ ಯಾರು ಮೇಷ್ಟ್ರೇ?"

ನಾನು ಹಾಕಿದ್ದು ಶಿಕ್ಷಕರ ಗುಂಪಿಗಲ್ಲ. ಪಟ್ಟಿಯಲ್ಲಿ ಅದರ ಮೇಲಿದ್ದ "ಬಂಡಳ್ಳಿ ಬಂಧುಗಳು" ಗುಂಪಿಗೆ!

ಅಳಿಸಲು ಹೋದೆ. ಅಳಿಸುವ ಗುಂಡಿ ಎರಡು ಬಗೆಯದು. ನಾನು ನನ್ನ ಫೋನಿನಲ್ಲಿ ಮಾತ್ರ ಕಾಣದಂತೆ ಅಳಿಸಿದೆ. ಇಡೀ ಬಂಡಳ್ಳಿ ನೋಡುತ್ತಿತ್ತು, ನನಗೊಬ್ಬನಿಗೆ ಕಾಣುತ್ತಿರಲಿಲ್ಲ.

ಸಂಜೆ ಅತ್ತೆಯ ಫೋನು ಬಂತು.

"ಅಳಿಮಯ್ಯ, ನೀರ್ ತಾಗುಸ್ದ?"

"ಸ್ವಲ್ಪ."

"ಎಷ್ಟ್ ಸ್ವಲ್ಪ?"

"ಒಂದು ಬಕೆಟ್ಟು."

ಅತ್ತ ಕಡೆಯಿಂದ ಕೋಳಿ ಕೂಗಿದ್ದು ಮಾತ್ರ ಕೇಳಿಸಿತು. ಕೊನೆಗೆ, "ಅಮಾಸ ದಿನ ಒತ್ತಾರಕ್ಕೆ ತಕಂಡ್ ಬಾ" ಎಂದು ಫೋನಿಟ್ಟರು.

ಇನ್ನೇನು ಉಳಿದಿತ್ತು? ಹೋದ ಪೇಟವನ್ನು ಮತ್ತೆ ಕಟ್ಟುವುದು. ಶಾಲಾ ವಾರ್ಷಿಕೋತ್ಸವಕ್ಕೆ ತಂದು ಮಿಕ್ಕಿದ್ದ ಬಣ್ಣದ ಬಾಟಲಿಗಳಿದ್ದವು. ಮಾರನೆಯ ದಿನ ಶಾಲೆಗೆ ಅರ್ಧ ದಿನ ರಜೆ ಬರೆದೆ. "ವಿಷಯ: ಮಾವನವರ ಕೆಲಸ." ಬ್ರಷ್ ಹಿಡಿದು ಹ್ಯಾಟಿನ ಮೇಲೆ ಬಿಳಿ ಪೇಟ ಬರೆದೆ. ಹ್ಯಾಟಿನ ಅಂಚು ಎರಡೂ ಬದಿಯಲ್ಲಿ ಇಣುಕಿತು. ಅದನ್ನು ಮುಚ್ಚಲು ಪೇಟವನ್ನು ಅಗಲ ಮಾಡಿದೆ. ಅಗಲವಾದ ಮೇಲೆ ಎತ್ತರ ಸಾಲದೆನಿಸಿತು. ಎತ್ತರ ಮಾಡಿದೆ. ಎತ್ತರವಾದ ಮೇಲೆ ಮಡಿಕೆಗಳಿಲ್ಲದೆ ಬೋಳಾಗಿ ಕಂಡಿತು. ಕಪ್ಪು ಗೆರೆ ಎಳೆದೆ. ಕೊನೆಗೆ ಮಾವನವರು ತಲೆಯ ಮೇಲೆ ಹಾಸಿಗೆ ಸುತ್ತಿ ಹೊತ್ತುಕೊಂಡು, ಕುದುರೆಯೇರಿ, ಊರು ಬಿಟ್ಟು ಹೋಗುತ್ತಿರುವಂತೆ ಕಂಡರು.

ಮಂಗಳ ಬಂದು ನೋಡಿದಳು. "ಬಂದೂಕೇ ವಾಸಿಯಾಗಿತ್ತು" ಎಂದಳು.

ಅವಳಿಗೆ ಪೇಟದ ಚಿಂತೆಯೇ ಇರಲಿಲ್ಲ. "ಮುಖ ಯಾರದು ಅಂತ ಗೊತ್ತಾಗ್ಬೇಕು ಕಣ್ರೀ. ಅದೊಂದು ಗೊತ್ತಾಗ್ದಿದ್ರೆ ನಾನು ಅಮಾಸೆಗೆ ಅವ್ವನ ಮನೆ ಮೆಟ್ಲು ಹತ್ತಲ್ಲ. ಯಾವನೋ ದರೋಡೆಕೋರನಿಗೆ ಕೈ ಮುಗಿಯಕ್ಕಾಗಲ್ಲ ನಂಗೆ. ನೋಡಿ, ಮೂಲೇಲಿ ಹೆಸರದೆ. ನಡೀರಿ ಯಳಂದೂರಿಗೆ."

ಶಾಸನ ಓದಿದವನು ನಾನು. ಅದರಿಂದ ಏನು ಮಾಡಬೇಕೆಂದು ಹೊಳೆದದ್ದು ಪಿಯುಸಿ ಓದಿದ ಅವಳಿಗೆ.

ಯಳಂದೂರಿನಲ್ಲಿ ಹುಡುಕುವ ಕಷ್ಟ ಬೀಳಲಿಲ್ಲ. ಟೀ ಅಂಗಡಿಯವನು, "ಬೋರ್ಡ್ ಬರಿತಿದ್ದ ಗುರುಮಲ್ಲಪ್ಪಾರಾ? ಆ ಬೀದಿ ಕೊನೆ ಮನೆ. ಬಾಗ್ಲ ಮೇಲೆ ನವಿಲದೆ" ಎಂದ. ನವಿಲಿನ ಕೆಳಗೆ ಜಗಲಿಯ ಮೇಲೆ ಎಂಬತ್ತು ದಾಟಿದ ಗುರುಮಲ್ಲಪ್ಪನವರು ಕೂತಿದ್ದರು. ಒಂದು ಕಾಲದಲ್ಲಿ ಸುತ್ತಮುತ್ತಲಿನ ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ ಎಲ್ಲ ಅವರದೇ ಕೈ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟವರು.

ಕಂಬಳಿ ಬಿಚ್ಚಿದೆ. ಅವರು ಚಿತ್ರವನ್ನು ನೋಡಿದರು. ಮುಖದಲ್ಲಿ ಬೆಳಕು ಬಂತು. 'ಪೇಟ' ನೋಡಿದರು. ಬೆಳಕು ಹೋಯಿತು.

"ಇದ್ಯಾರು ಬರ್ದಿದ್ದು?"

"ಒಬ್ಬರು... ಪರಿಚಯದವರು" ಎಂದೆ.

"ಅವ್ರ್ಗೆ ಏಳಿ, ಬ್ಯಾರೆ ಕೆಲ್ಸ ನೋಡ್ಕಳಿ ಅಂತ." ಬೆರಳಿನಿಂದ ಬಣ್ಣ ಉಜ್ಜಿ ನೋಡಿದರು. "ನಾನು ಬರ್ದಿದ್ದ ಪೇಟ ಎಲ್ಲೋಯ್ತು? ತೊಳ್ದೋರ್ಯಾರು?"

"ಅವರೂ ಪರಿಚಯದವರೇ."

"ಇಬ್ರೂ ಒಬ್ರೇ ತಾತ" ಎಂದಳು ಮಂಗಳ.

"ಓದಿರೋರಾ?"

"ಬಿ.ಎ., ಬಿ.ಎಡ್."

ಗುರುಮಲ್ಲಪ್ಪನವರು ನನ್ನನ್ನು ಒಂದು ಸಲ ನೋಡಿ, ರೋಗ ಗೊತ್ತಾದ ವೈದ್ಯರಂತೆ ತಲೆಯಾಡಿಸಿದರು.

ಮಂಗಳ ಜಗಲಿಯ ಅಂಚಿಗೆ ಕೂತಳು. ಕೇಳುವುದಕ್ಕೆ ಅವಳಿಗೇ ಭಯವಾಗಿತ್ತು. "ತಾತ, ಈ ಮುಖ ಯಾರ್ದು? ನಿಜ ಹೇಳಿ."

"ಯಾರ್ದು ಅಂದ್ರ? ಜಟಕಾ ಪುಟ್ಸಾಮಿದು!"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದುಕರು ಅದನ್ನು ಗಮನಿಸದೆ ಹೇಳುತ್ತಾ ಹೋದರು. "ಆ ಪುಸ್ತಕದವರು ತಿಂಗ್ಳಿಗ ಒಂದು ಚಿತ್ರ ಬರೆಸ್ಕತಿದ್ರು. ಅಮೆರಿಕಾದವನು ಕುದ್ರೆ ಮ್ಯಾಲ ಇರ್ಬೇಕು ಅಂತ ಕಾಗ್ದ ಬರೆದ್ರು. ಅಮೆರಿಕಾದವನ್ನ ನಾನೆಲ್ಲಿಂದ ತರ್ಲವ್ವ? ಕೊಳ್ಳೇಗಾಲದ ಬಸ್ಟಾಂಡಿಗ ಹೋದಿ. ಪುಟ್ಸಾಮಿ ಕುದ್ರೆಗ ಹುಲ್ಲಾಕ್ತಾ ನಿಂತಿದ್ದ. 'ಲೇ ಬಾರ್ಲಾ, ಎರಡ್ ದಿನ ಅಮೆರಿಕಾದವನಾಗು' ಅಂದಿ. ಬಂದ."

"ಬಂದೂಕು?" ಎಂದೆ ನಾನು.

"ಛತ್ರಿ."

"ಗುಡ್ಡ?"

"ಹನೂರು ರಸ್ತೇದು. ಅಮೆರಿಕಾ ನಾನ್ ಕಂಡಿದ್ದೀನಾ?"

"ಹ್ಯಾಟು?"

"ಅದುಕ್ಕೇ ಪಜೀತಿ ಆದ್ದು. ಹ್ಯಾಟಿನ ನೆಳ್ಳು ಮೊಕದ ಮ್ಯಾಲ ಎಲ್ಲಿಗಂಟ ಬೀಳ್ತದ ಅಂತ ನಂಗ ಗೊತ್ತಾಗ್ಬೇಕಲ್ಲ? ಮನೆಯಿಂದ ಒಂದು ಮೊರ ತಕಬಾ ಅಂದಿ. ಎರಡ್ ದಿನವೂ ತಲೆ ಮ್ಯಾಲ ಮೊರ ಇಟ್ಕಂಡು, ಕೈಲಿ ಛತ್ರಿ ಇಡ್ಕಂಡು ಕುದ್ರೆ ಮ್ಯಾಲ ಕುಂತಿದ್ದ. ಜನ ಸೇರ್ಬುಟ್ರು. ಅದು ಹೆಣ್ ಕುದ್ರೆ, ಎಲುಬು ಎಣಿಸ್ಬೋದಿತ್ತು. ಹೊಟ್ಟೆ ನಾನೇ ತುಂಬುಸ್ದಿ, ಬಣ್ಣದಲ್ಲಿ." ನಡುಗುವ ಬೆರಳನ್ನು ಚಿತ್ರದ ಹಣೆಯ ಮೇಲಿಟ್ಟರು. "ಇಲ್ ನೋಡವ್ವ ಗಾಯ. ಈ ಕುದ್ರೇನೇ ಒದ್ದಿದ್ದು. ಪುಸ್ತಕದವರು ಗಾಯ ಬಾಳ ಚಂದಾಗದ ಅಂದ್ಬುಟ್ಟು ಅವನ್ನೇ ವಿಲನ್ ಮಾಡುದ್ರು."

ಮುಂದಿನದು ಹೀಗೆ. ಅಚ್ಚಾದ ಮೇಲೆ ಚಿತ್ರ ಯಳಂದೂರಿಗೆ ವಾಪಸು ಬಂತು. ಮರುವರ್ಷವೇ ಪುಟ್ಟಸ್ವಾಮಿ ಹೋಗಿಬಿಟ್ಟ. ಕೂಸು ಕಂಕುಳಲ್ಲಿಟ್ಟುಕೊಂಡು ಅವನ ಹೆಂಡತಿ ಬಂದಳು. ಅವನ ಮುಖ ಇರುವುದು ಇದೊಂದರಲ್ಲೇ. ನಾಳೆ ಹಿರಿಯರ ಹಬ್ಬ. ಹ್ಯಾಟು, ಬಂದೂಕು ಇಟ್ಟರೆ ಊರವರು ಆಡಿಕೊಳ್ಳುತ್ತಾರೆ. ಪೇಟ ಕಟ್ಟಿ ಕೊಡಿ ಎಂದಳು.

"ಎಣ್ಣೆ ಬಣ್ಣ ಒಣಗಾಕ ಎಂಟ್ ದಿನ ಬೇಕು. ಹಬ್ಬ ನಾಳೀಕ. ಯಾನ್ ಮಾಡದು? ನೀರ್ ಬಣ್ಣಕ್ಕ ಗೋಂದು ಕಲಸಿ ಬಳ್ದಿ. 'ನೀರ್ ಮಾತ್ರ ತಾಗುಸ್ಬ್ಯಾಡ ಕಣವ್ವ' ಅಂತ ಏಳ್ ಕಳಿಸ್ದಿ." ಗುರುಮಲ್ಲಪ್ಪನವರು ಹಲಗೆಯನ್ನು ಇನ್ನೊಮ್ಮೆ ನೋಡಿ, "ಇಷ್ಟ್ ವರ್ಷ ಉಳಿಸ್ಕಂಡವಳಲ್ಲ ಮಾರಾಯ್ತಿ!" ಎಂದರು.

ಮೂಢನಂಬಿಕೆಯ ಬಗ್ಗೆ ನಾನು ಮಾಡಿದ ಭಾಷಣ ನೆನಪಾಯಿತು. ನವಿಲನ್ನು ನೋಡುತ್ತಾ ನಿಂತೆ.

ಮತ್ತೆ ಪೇಟ ಬರೆದುಕೊಡಿ ಎಂದು ಕೈಮುಗಿದೆ. ಅವರು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅಲುಗುತ್ತಿದ್ದವು. "ಈಗ ನಾನ್ ಬರದ್ರೂವ ಆ ನಿಮ್ಮ ಪರಿಚಯದೋರು ಬರ್ದಂಗೇ ಆಯ್ತದ" ಎಂದರು. ಒಂದು ಒದ್ದೆ ಬಟ್ಟೆ ತರಿಸಿ, ನಾನು ಅರ್ಧ ದಿನ ರಜೆ ಹಾಕಿ ಬರೆದ ಹಾಸಿಗೆಯನ್ನು ಎರಡೇ ಸಲ ಒರೆಸಿ ತೆಗೆದರು. ಹ್ಯಾಟು ಮತ್ತೆ ಹೊರಬಂತು.

ಬಸ್ಸಿನಲ್ಲಿ ಮಂಗಳ ಚಿತ್ರವನ್ನು ತಾನೇ ಹಿಡಿದುಕೊಂಡಳು. ಕಂಬಳಿಯ ಒಂದು ತುದಿ ಸರಿಸಿ ಆಗಾಗ ಒಳಗೆ ನೋಡುತ್ತಿದ್ದಳು. ಮುಖ ಅಪ್ಪನದೋ ಅಲ್ಲವೋ ಎಂಬ ಭಯ ತೀರಿತ್ತು. ಇನ್ನುಳಿದ ಭಯ ನನ್ನೊಬ್ಬನದು. ಅತ್ತೆ ಒಂದು ಆಯುಷ್ಯ ಪೂರ್ತಿ ಮುಚ್ಚಿಟ್ಟಿದ್ದನ್ನು ನಾನು ಒಂದು ಭಾನುವಾರ ತೊಳೆದು, ದರೋಡೆಕೋರ ಎಂದು ಹೆಸರಿಟ್ಟು, ಬಂಧುಗಳಿಗೆಲ್ಲ ಹಂಚಿದ್ದೆ.

ಅಮಾವಾಸ್ಯೆಯ ಬೆಳಗ್ಗೆ ಬಂಡಳ್ಳಿ ಮುಟ್ಟಿದೆವು. ಒಂದು ಕ್ಷಮಾಪಣೆಯನ್ನು ಮೂರು ಭಾಗ ಮಾಡಿ ಬಾಯಿಪಾಠ ಮಾಡಿಕೊಂಡಿದ್ದೆ. ಪೀಠಿಕೆ, ಕಾರಣ, ಉಪಸಂಹಾರ. ಅತ್ತೆ ಪೀಠಿಕೆಗೇ ಅವಕಾಶ ಕೊಡಲಿಲ್ಲ. "ಇತ್ತ ಕೊಡು" ಎಂದು ಚಿತ್ರ ಇಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದರು.

ಹ್ಯಾಟು ನೋಡಲಿಲ್ಲ. ಬಂದೂಕು ನೋಡಲಿಲ್ಲ. ಹಣೆಯ ಗಾಯದ ಮೇಲೆ ಹೆಬ್ಬೆರಳಿಟ್ಟರು. ಆ ಗಾಯವನ್ನು ವಿಭೂತಿ ಅಷ್ಟು ವರ್ಷ ಮುಚ್ಚಿಟ್ಟಿತ್ತು.

"ಇದ್ನ ಮರ್ತೇ ಓಗಿದ್ದೆ ನೋಡು" ಎಂದರು ಮೆಲ್ಲಗೆ. "ಎಷ್ಟ್ ಚಿಕ್ಕೋನು! ನಂಗ ಮಗ ಆಗ್ಬೇಕು ಈಗ."

ಮಂಗಳ, "ಅವ್ವ, ಎರಡ್ ದಿನ ಮೊರ ಹೊತ್ಕಂಡು ಕುಂತಿದ್ರಂತೆ?" ಎಂದಳು.

ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. "ಆ ಮೊರ ನಂದು ಕಣಮ್ಮಿ! ರಾಗಿ ಕೇರಾಕ ಮೊರ ಇಲ್ದೆ ಎರಡ್ ದಿನ ಬೋದಿದ್ದೆ. 'ಬಯ್ಬ್ಯಾಡ ಕಣೇ, ಅಮೆರಿಕಾದಿಂದ ತಂದ್ಕೊಡ್ತೀನಿ' ಅಂದಿದ್ದ."

ಇದೇ ಸಮಯವೆಂದು ನಾನು ನಡುವೆ ಬಾಯಿಹಾಕಿದೆ. "ಅತ್ತೆ, ಊರವರು ಆಡಿಕೊಂಡರೆ..."

"ಆಡ್ಕಳೋರು ಯಾರವ್ರಪ್ಪ ಈಗ? ಅವ್ರೆಲ್ಲಾ ಎಡೆ ಉಣ್ಣೋ ಕಡೆ ಸೇರ್ಕಂಡವ್ರ. ಆಯ್ತು, ಮಣೆ ಆಕು."

ಹೀಗೆ ಆ ವರ್ಷ ಮಾವನವರು ಹ್ಯಾಟು ಹಾಕಿಕೊಂಡು, ಬಂದೂಕು ಹಿಡಿದುಕೊಂಡು ಎಡೆಗೆ ಕೂತರು. ಅತ್ತೆ ಕಜ್ಜಾಯ, ವಡೆ, ಮುದ್ದೆ ಬಡಿಸಿದರು. ಬೀಡಿ ಕಟ್ಟು ಇಟ್ಟರು. ಯೋಚಿಸಿ, ಕುದುರೆಗೂ ಎಲೆಯ ತುದಿಯಲ್ಲಿ ಒಂದು ಹಿಡಿ ಹುರುಳಿ ಹಾಕಿದರು. ಅದು ಎರಡು ವಾರದ ಹಿಂದೆ ನನ್ನ ಭಾಷಣ ಕೇಳುತ್ತಾ ಆರಿಸಿದ ಹುರುಳಿ. ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದು ಕೂತೆವು.

ಗಂಡಾಂತರ ಕಳೆದಿತ್ತು. ಕಳೆದ ಕೂಡಲೇ ನನಗೆ ಧೈರ್ಯ ಬಂತು. "ನೋಡಿ ಅತ್ತೆ, ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನಾನು ತೊಳೆಯದಿದ್ದರೆ ಆ ಗಾಯದ ಗುರುತು ಕಾಣುತ್ತಿತ್ತೇ? ಹಳೆಯದನ್ನ ಪರೀಕ್ಷಿಸಿ ನೋಡಬೇಕು ಅನ್ನೋದು ಇದಕ್ಕೇ" ಎಂದೆ. ಮಂಗಳ ನನ್ನ ಕಾಲು ತುಳಿದಳು. ತಡವಾಗಿತ್ತು.

ಅತ್ತೆ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಊ ಕಣಪ್ಪ. ಹಂಗಾರ ಗೋಡೆ ಮ್ಯಾಲಿರೋ ಆ ನಿನ್ ಪಟವನ್ನೂ ಒಂದ್ಸಾರಿ ತೊಳಿ."

"ನನ್ನದು ಫೋಟೋ ಅತ್ತೆ. ಅದರ ಅಡಿಯಲ್ಲಿ ಏನಿರುತ್ತೆ?"

"ಅಡೀಲಿ ಯಾಕಪ್ಪ? ಮ್ಯಾಲೇ ಅದಲ್ಲ. ಕೈಲಿ ಒಂದ್ ಕಾಗ್ದ ಸುತ್ಕಂಡ್ ನಿಂತಿದ್ದೀಯಲ್ಲ, ಅದು ಕ್ಯಾಲೆಂಡ್ರು. ಸುತ್ತಿರೋ ಒಳಮೈಲಿ ಕೆಂಪ್ ಅಂಕಿ ಕಾಣ್ತದ. ಬಾನುವಾರದ್ದು. ನಂಗ ಓದಾಕ ಬರಲ್ಲ, ಬಾನುವಾರ ಗೊತ್ತಾಯ್ತದ."

ಜಗಲಿಯ ಮೇಲೆ ಯಾರೂ ಕೆಮ್ಮಲಿಲ್ಲ.

ಸತ್ಯ ಹೇಳುತ್ತೇನೆ. ಆ ದಿನ ಪದವಿ ಪತ್ರ ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಬೆಳಗಿನ ಗೂಡು ಮುಗಿಸಿ, ಕೈ ತೊಳೆದುಕೊಂಡು ಸ್ಟುಡಿಯೋಗೆ ಓಡಿದ್ದೆ. ಗೌನು ಸ್ಟುಡಿಯೋದ್ದು, ಅದಕ್ಕೆ ಮುಂಭಾಗ ಮಾತ್ರ ಇತ್ತು. ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಟೋಪಿಯೂ ಸ್ಟುಡಿಯೋದ್ದು. ಕೈ ಖಾಲಿ ಕಾಣುತ್ತದೆಂದು ಫೋಟೋದವನು ಗೋಡೆಯಿಂದ ಕ್ಯಾಲೆಂಡರು ಕಿತ್ತು, ಸುತ್ತಿ ಕೊಟ್ಟಿದ್ದ.

"ಯಾವಾಗಿನಿಂದ ಗೊತ್ತು ಅತ್ತೆ?" ಎಂದೆ.

"ನೀನು ಮೊಳೆ ಒಡಿವಾಗ್ಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾಕೇಳ್ಬೇಕು? ಚಂದಾಗಿ ಕಾಣ್ತಿದ್ದೆ."

ಊಟ ಮುಗಿಸಿ ಅತ್ತೆ ಮಾವನವರನ್ನು ಮತ್ತೆ ಗೋಡೆಗೆ ಏರಿಸಿದರು. ಒಬ್ಬರು ಮೊರ ಹೊತ್ತು ಛತ್ರಿ ಹಿಡಿದವರು, ಒಬ್ಬರು ಕ್ಲಿಪ್ಪು ಹಾಕಿಕೊಂಡು ಕ್ಯಾಲೆಂಡರು ಹಿಡಿದವರು, ಮಾವ ಅಳಿಯ ಗೋಡೆಯ ಮೇಲೆ ಅಕ್ಕಪಕ್ಕ ನಿಂತೆವು. ಅತ್ತೆ ಒಣಬಟ್ಟೆಯಿಂದ ಮಾವನವರ ಮೇಲಿನ ಧೂಳು ಹೊಡೆದು, ಒಂದು ಒದ್ದೆ ಬಟ್ಟೆ ತಂದು ನನ್ನ ಕೈಗೆ ಕೊಟ್ಟರು.

ನಾನು ಒರೆಸಲಿಲ್ಲ.